ಖುರಾಕು, ಒಪ್ಪತ್ತು, ಪಾರಣೆ: ವಿಜಯಪುರ ಪರಿಸರದ ಕನ್ನಡದಲ್ಲಿ ಗಂಡಸಿನ ದೇಹ ಮತ್ತು ಊಟ

1

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆ ಕನ್ನಡ ನಾಡಿನಾದ್ಯಂತ ಬಳಕೆಯಲ್ಲಿದೆ. ಇದನ್ನು ಮಿತಾಹಾರದ ಉಪದೇಶವೆಂದು ಓದಿ ಮುಂದೆ ಸಾಗುವುದು ವಾಡಿಕೆ. ಆದರೆ ಇಲ್ಲಿ ಉಣ್ಣುವವನು ‘ಅವನು’ ಎಂಬುದನ್ನೂ, ಊಟದ ಹೊತ್ತು ಕಡಿಮೆಯಾದಷ್ಟೂ ಅವನ ಅಂತಸ್ತು ಏರುತ್ತ ಹೋಗುವುದನ್ನೂ ಗಮನಿಸಿದರೆ ಗಾದೆಯ ಇನ್ನೊಂದು ಮುಖ ಕಾಣುತ್ತದೆ. ಇದರ ಪಕ್ಕದಲ್ಲಿಯೇ ಜೋಳ ಉಣ್ಣುವವನನ್ನು ತೋಳಕ್ಕೂ ಅಕ್ಕಿ ಉಣ್ಣುವವನನ್ನು ಹಕ್ಕಿಗೂ ಹೋಲಿಸುವ ಮಾತಿದೆ. ಬಿಳಿಜೋಳದ ಸೀಮೆಯಾದ ವಿಜಯಪುರ ಭಾಗದಲ್ಲಿ ಈ ಮಾತಿಗೆ ಸಲ್ಲುವ ಅಭಿಮಾನವೇ ಬೇರೆ. ಒಂದು ಮಾತು ಕಡಿಮೆ ಉಣ್ಣುವವನನ್ನು ಯೋಗಿಯೆಂದರೆ, ಇನ್ನೊಂದು ಕಸುವುಳ್ಳ ಉಣಿಸುಗಾರನನ್ನು ಗಂಡಸೆಂದು ಮೆಚ್ಚುತ್ತದೆ. ಎರಡೂ ಹೊಗಳಿಕೆಗಳೇ. ಉಣ್ಣುವ ಕ್ರಿಯೆಯೇ ಬಾಧೆಯಾಗಿ ಪರಿಣಮಿಸಿದ ಗಂಡಸಿಗೆ ಈ ಎರಡು ಹೊಗಳಿಕೆಗಳ ನಡುವೆ ಜಾಗವೆಲ್ಲಿದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ದೇಹದ ಚಹರೆ, ಅದರ ಬಗೆಗಿನ ಅತೃಪ್ತಿ, ಊಟದ ಜೊತೆಗಿನ ಸಂಘರ್ಷ ಇವುಗಳನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಸ್ತ್ರೀವಾದಿ ಚಿಂತನೆಯ ಮೂಲಕ ಪರಿಚಯಿಸಿಕೊಂಡಿತು. ಹೆಣ್ಣಿನ ದೇಹ ನೋಟಕ್ಕೆ ಒಳಗಾಗುವ ಬಗೆಯನ್ನು ಆ ಚಿಂತನೆ ಸರಿಯಾಗಿಯೇ ಎತ್ತಿ ತೋರಿಸಿತು. ಗಂಡಸಿನ ದೇಹವಾದರೋ ನೋಡುವವನ ದೇಹವಾಗಿಯೇ ಉಳಿಯಿತು. ಅದೂ ನೋಡಲ್ಪಡುತ್ತದೆ, ಅಳೆಯಲ್ಪಡುತ್ತದೆ ಎಂಬುದು ಚರ್ಚೆಯ ಅಂಚಿಗೂ ಬಂದಂತಿಲ್ಲ. ‘ಗಂಡಸಿಗ್ಯಾಕೆ ಗೌರಿ ದುಃಖ’ ಎಂಬ ಗಾದೆಯನ್ನು ನಮ್ಮ ಅಧ್ಯಯನಗಳೂ ಅರಿವಿಲ್ಲದೆ ಪಾಲಿಸಿಕೊಂಡು ಬಂದಿವೆ ಎನ್ನಬೇಕು.

2

ವೈದ್ಯಕೀಯದ ಚರಿತ್ರೆಯಲ್ಲಿಯೂ ಇಂಥದೇ ಮರೆವು ಇದೆ. 1689ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ಕ್ಷಯವನ್ನು ಕುರಿತ ತನ್ನ ಗ್ರಂಥದಲ್ಲಿ, ಜ್ವರವಾಗಲಿ ಕೆಮ್ಮಾಗಲಿ ಇಲ್ಲದೆ ಊಟ ತೊರೆದು ಸೊರಗಿದ ಇಬ್ಬರ ವಿವರ ಕೊಟ್ಟಿದ್ದಾನೆ. ಒಬ್ಬಳು ಹದಿನೆಂಟರ ತರುಣಿ. ಇನ್ನೊಬ್ಬ ಹದಿನಾರರ ಹುಡುಗ, ಪಾದ್ರಿಯೊಬ್ಬನ ಮಗ. ಓದನ್ನು ಬಿಡಿಸಿ ಹಳ್ಳಿಯ ಗಾಳಿಗೆ ಕಳುಹಿಸಿ, ಕುದುರೆ ಸವಾರಿ ಮಾಡಿಸಿ, ಹಾಲಿನ ಪಥ್ಯ ಕೊಟ್ಟಾಗ ಆ ಹುಡುಗ ಬಹುಮಟ್ಟಿಗೆ ಚೇತರಿಸಿಕೊಂಡನೆಂದು ಮಾರ್ಟನ್ ಬರೆಯುತ್ತಾನೆ. ಅಂದರೆ ಈ ಕಾಯಿಲೆಯ ಮೊದಲ ದಾಖಲೆಗಳಲ್ಲಿಯೇ ಗಂಡು ಹುಡುಗನಿದ್ದಾನೆ. ಆದರೆ 1870ರ ದಶಕದಲ್ಲಿ ವಿಲಿಯಂ ಗಲ್ ಇದಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಕೊಟ್ಟ ಮೇಲೆ ಇದು ಕ್ರಮೇಣ ಹೆಂಗಳೆಯರ ವ್ಯಾಧಿಯೆಂದು ರೂಢಿಯಾಯಿತು. ಅಮೆರಿಕದ ಮನೋವೈದ್ಯಕೀಯ ಸಂಘದ 1994ರ ಕೈಪಿಡಿಯಲ್ಲಿ ಮುಟ್ಟು ನಿಲ್ಲುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದಾಗಿತ್ತು. 2013ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿಯವರೆಗೆ ವ್ಯಾಖ್ಯೆಯ ಭಾಷೆ ಹೆಣ್ಣಿನ ದೇಹವನ್ನೇ ಮಾದರಿಯಾಗಿ ಇಟ್ಟುಕೊಂಡಿತ್ತು.

ಇದರ ವಿರುದ್ಧ ದಿಕ್ಕಿನ ಬಾಧೆಯೊಂದನ್ನು 1993ರಲ್ಲಿ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಗುರುತಿಸಿದರು. ಅವರು ಅಧ್ಯಯನಕ್ಕೆ ಆರಿಸಿಕೊಂಡ 108 ಜನ ಪುರುಷ ದೇಹದಾರ್ಢ್ಯ ಪಟುಗಳಲ್ಲಿ 9 ಜನ, ಧಾಂಡಿಗರಾಗಿದ್ದೂ ತಾವು ಸಣಕಲರೆಂದು ನಂಬಿದ್ದರು. ಮೈ ಕಾಣದಂತೆ ಬಟ್ಟೆ ತೊಟ್ಟು, ಜನರನ್ನು ತಪ್ಪಿಸಿಕೊಂಡು ತಿರುಗುತ್ತಿದ್ದರು. ಇದಕ್ಕೆ ಮೊದಲು ‘ತಿರುವುಮುರುವಾದ ಅನೊರೆಕ್ಸಿಯಾ’ ಎಂಬ ಹೆಸರಿತ್ತು, 1997ರಿಂದ ‘ಮಸಲ್ ಡಿಸ್ಮಾರ್ಫಿಯಾ’ ಎಂಬ ಹೆಸರು ನಿಂತಿತು. ಇಂದಿನ ವರ್ಗೀಕರಣದಲ್ಲಿ ಇದು ಊಟದ ಕಾಯಿಲೆಗಳ ಗುಂಪಿಗೆ ಸೇರದೆ ದೇಹರೂಪದ ಭ್ರಾಂತಿಯ ಒಂದು ಬಗೆಯಾಗಿದೆ. ಕನ್ನಡದ ಅಧ್ಯಯನಕಾರರಿಗೆ ಈ ವರ್ಗೀಕರಣದ ಸೂಕ್ಷ್ಮಗಳಿಗಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಸೊರಗಬೇಕೆಂಬ ಹಟ, ಉಬ್ಬಬೇಕೆಂಬ ಹಟ ಎರಡರಲ್ಲಿಯೂ ಊಟವು ಊಟವಾಗಿ ಉಳಿಯುವುದಿಲ್ಲ, ಅದು ಲೆಕ್ಕವಾಗುತ್ತದೆ.

3

ವಿಜಯಪುರ ಪರಿಸರದಲ್ಲಿ ಊಟವನ್ನು ಲೆಕ್ಕವಾಗಿಸಿದ ಹಳೆಯ ಸಂಸ್ಥೆಯೆಂದರೆ ಗರಡಿ ಅಥವಾ ತಾಲೀಮು. ಪೈಲವಾನನ ಆಹಾರಕ್ಕೆ ‘ಊಟ’ ಎನ್ನುವುದಿಲ್ಲ, ‘ಖುರಾಕು’ ಎನ್ನುತ್ತಾರೆ. ಹಾಲು, ತುಪ್ಪ, ಬಾದಾಮಿ ಇದರ ಮೂಲದ್ರವ್ಯಗಳು. ಬನಾರಸದ ಅಖಾಡಾಗಳನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ ತಮ್ಮ 1992ರ ಗ್ರಂಥದಲ್ಲಿ ಇವೇ ಮೂರನ್ನು ಕುಸ್ತಿಯ ಜೀವನಕ್ರಮದ ಅಂಗವಾಗಿ ವಿವರಿಸಿದ್ದಾರೆ. ಊಟ ಮನೆಗೆ ಸೇರಿದ್ದು, ಖುರಾಕು ಊರಿಗೆ ಸೇರಿದ್ದು. ಪೈಲವಾನನಿಗೆ ಊರೇ ಖುರಾಕು ಒದಗಿಸುವ ಪದ್ಧತಿ ಈ ಸೀಮೆಯ ಹಳ್ಳಿಗಳಲ್ಲಿತ್ತು. ಜಾತ್ರೆಯ ಕಣದಲ್ಲಿ ಅವನು ಗೆದ್ದರೆ ಗೆದ್ದದ್ದು ಊರೇ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಇಂದಿಗೂ ಕುಸ್ತಿ ಮತ್ತು ಭಾರ ಎತ್ತುವ ಸ್ಪರ್ಧೆಗಳು ನಡೆಯುತ್ತವೆ. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳ ಜಾತ್ರೆಗಳಲ್ಲಿಯೂ ಗುಂಡು, ಚೀಲ ಎತ್ತುವ ಪಂದ್ಯಗಳು ಅಪರೂಪವಲ್ಲ.

ಈ ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವುದು ಲೇಖನದ ಉದ್ದೇಶವಲ್ಲ. ಒಬ್ಬನ ಬಾಯಿಗೆ ತುಪ್ಪ ಸುರಿದ ಊರಲ್ಲಿಯೇ ಎಷ್ಟೋ ಮನೆಗಳ ಒಲೆ ಉರಿಯದಿದ್ದ ಕಾಲವದು. 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಅಂದಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಯಪುರ-ಬಾಗಲಕೋಟೆ ಸೀಮೆಯನ್ನು, ತತ್ತರಿಸುವಂತೆ ಮಾಡಿತ್ತು. ಬರದ ನೆನಪುಳ್ಳ ನೆಲದಲ್ಲಿ ತುಂಬಿದ ಮೈ ಬರೀ ಚೆಲುವಲ್ಲ. ಮುಂದಿನ ವರ್ಷಕ್ಕೆ ಕಾಳು ಉಳಿದಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ‘ಮೈ ಹಿಡದಾನ’, ‘ಮೈ ತುಂಬಿಕೊಂಡಾನ’ ಎಂಬ ಮಾತುಗಳಲ್ಲಿರುವ ಸಮಾಧಾನವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಮಣ್ಣಿನ ಕಣದಲ್ಲಿ ಜೋಡಿಯನ್ನು ಹಿರಿಯರು ಕಣ್ಣಳತೆಯಿಂದ ಕಟ್ಟುತ್ತಿದ್ದರು. ಮ್ಯಾಟಿನ ಕುಸ್ತಿಯಲ್ಲಿ ತೂಕದ ಯಂತ್ರ ಕಟ್ಟುತ್ತದೆ. ಈ ಬದಲಾವಣೆ ಸಣ್ಣದಲ್ಲ. ಮೊದಲಿನದರಲ್ಲಿ ಪೈಲವಾನ ಉಣ್ಣುವುದನ್ನು ಕಲಿಯಬೇಕಿತ್ತು, ಎರಡನೆಯದರಲ್ಲಿ ಉಣ್ಣದಿರುವುದನ್ನೂ ಕಲಿಯಬೇಕು. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಯತ್ನದಲ್ಲಿಯೇ ಪ್ರಾಣ ಕಳೆದುಕೊಂಡ ಮೇಲೆ ಅಲ್ಲಿಯ ನಿಯಮಗಳು ಬದಲಾದವು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 57 ಕಿಲೋ ವಿಭಾಗದ ಕಂಚು ಗೆದ್ದ ಅಮನ್ ಸೆಹರಾವತ್ ಪದಕದ ಕುಸ್ತಿಗೆ ಮುನ್ನ ಸುಮಾರು ಹತ್ತು ಗಂಟೆಗಳಲ್ಲಿ 4.6 ಕಿಲೋ ತೂಕ ಇಳಿಸಿದರೆಂಬ ವರದಿಯನ್ನು ದೇಶದ ಪತ್ರಿಕೆಗಳು ಸಾಹಸವೆಂದೇ ಪ್ರಕಟಿಸಿದವು. ಆ ಸಾಹಸ ನಿಜ. ಆದರೆ ಅದನ್ನು ಓದುವ ಹದಿನೇಳರ ಹುಡುಗನಿಗೆ ಸಾಹಸ ಯಾವುದು, ಅಪಾಯ ಯಾವುದು ಎಂದು ಬೇರ್ಪಡಿಸಿ ಹೇಳುವ ಪದ ಆ ವರದಿಗಳಲ್ಲಿರಲಿಲ್ಲ.

ಗರಡಿಗೆ ಹೋಗದ ಹುಡುಗರನ್ನೂ ಅಳತೆ ಬಿಟ್ಟಿಲ್ಲ. ಸೈನ್ಯ ಮತ್ತು ಪೊಲೀಸ್ ಭರ್ತಿ ಈ ಜಿಲ್ಲೆಯ ಯುವಕರ ದೊಡ್ಡ ಆಸೆ. ರಾಜ್ಯದ ಪುರುಷ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆಗಳಲ್ಲಿ 168 ಸೆಂ.ಮೀ. ಎತ್ತರ, 86 ಸೆಂ.ಮೀ. ಎದೆಸುತ್ತಳತೆ, ಅದರಲ್ಲಿ ಉಸಿರೆಳೆದಾಗ ಕನಿಷ್ಠ 5 ಸೆಂ.ಮೀ. ಹಿಗ್ಗುವಿಕೆ ಕೇಳಲಾಗಿದೆ. ಇಲಾಖೆಗೆ ಇದು ಕೇವಲ ಅರ್ಹತೆ. ಅಳತೆಯ ಟೇಪಿನೆದುರು ಒಂದು ಸೆಂಟಿಮೀಟರಿನಿಂದ ಹಿಂದಿರುಗಿದವನಿಗೆ ಅದು ತನ್ನ ಗಂಡಸುತನದ ಮೇಲೆ ಬಂದ ತೀರ್ಪು.

ಇದೇ ಹೊತ್ತಿಗೆ ದುಡಿಮೆಯ ಸ್ವರೂಪವೂ ಬದಲಾಯಿತು. 2018ರಲ್ಲಿ ಹೊಸ ತಾಲೂಕುಗಳಾದ ತಿಕೋಟಾ, ಬಬಲೇಶ್ವರಗಳ ಹೊಲಗಳಲ್ಲಿ ಈಗ ದ್ರಾಕ್ಷಿಯ ಚಪ್ಪರ, ಒಣದ್ರಾಕ್ಷಿಯ ಶೆಡ್ಡು, ಹನಿ ನೀರಾವರಿಯ ಪೈಪು, ಏತ ನೀರಾವರಿಯ ಕಾಲುವೆಗಳಿವೆ. ಕುಂಟೆ-ಕೂರಿಗೆಗಳ ಬೆನ್ನಿಗೆ ನಡೆದು ಮೈ ತಾನಾಗಿ ಗಟ್ಟಿಯಾಗುತ್ತಿದ್ದ ಕ್ರಮ ಹಿಂದೆ ಸರಿದು, ಮೈಯನ್ನು ಪ್ರತ್ಯೇಕವಾಗಿ ‘ಮಾಡಬೇಕಾದ’ ಕ್ರಮ ಬಂದಿದೆ. ‘ಬಾಡಿ ಮಾಡೋದು’ ಎಂಬ ಇಂದಿನ ಕ್ರಿಯಾಪದವೇ ಇದಕ್ಕೆ ಸಾಕ್ಷಿ. ಖುರಾಕಿನ ಜಾಗದಲ್ಲಿ ಪ್ರೋಟೀನ್ ಡಬ್ಬಿ ಬಂದಿದೆ. ಖುರಾಕಿಗೆ ಊರಿನ, ಉಸ್ತಾದನ ಕಣ್ಗಾವಲಿತ್ತು, ಡಬ್ಬಿಗೆ ಇಲ್ಲ.

4

ಈ ಸೀಮೆಯ ಆಡುಮಾತಿನಲ್ಲಿ ಗಂಡಸಿನ ಮೈ ಕುರಿತ ಶಬ್ದಗಳನ್ನು ಒಟ್ಟಿಗಿಟ್ಟು ನೋಡಿದರೆ ಅವು ಎರಡೇ ರಾಶಿಯಾಗುತ್ತವೆ. ಕಟ್ಟುಮಸ್ತು, ಗಟ್ಟಿಮುಟ್ಟು, ಧಡೂತಿ, ಕಸುವುಳ್ಳಾಂವ ಎಂಬ ಮೆಚ್ಚುಗೆಯ ರಾಶಿ ಒಂದು. ಸಣಕಲ, ಒಣಕಲ, ಡುಮ್ಮ, ಢೊಳ್ಳಹೊಟ್ಟಿ ಎಂಬ ಗೇಲಿಯ ರಾಶಿ ಇನ್ನೊಂದು. ‘ಹಂಚಿಕಡ್ಡಿ ಪೈಲವಾನ’ ಎಂಬ ನುಡಿಗಟ್ಟಿನಲ್ಲಿ ಎರಡೂ ರಾಶಿಗಳು ಸೇರಿವೆ. ಪೊರಕೆಯ ಕಡ್ಡಿಯಂಥ ಮೈಯವನನ್ನು ಮೆಚ್ಚುಗೆಯ ಪದದಿಂದಲೇ ಕರೆದು ನಗುವುದು ಇದರ ತಂತ್ರ. ತೆಳುವಾದವನಿಗೆ ಬೇರೆ ಹೆಸರು ಕೊಡುವುದಕ್ಕೂ ಭಾಷೆ ಒಪ್ಪುವುದಿಲ್ಲ. ಅವನು ಸೋತ ಪೈಲವಾನನಾಗಿಯೇ ಇರಬೇಕು. ನೋವಿನ ರಾಶಿಯೆಂಬುದು ಇಲ್ಲ. ‘ಸೊರಗ್ಯಾನ’ ಎಂಬ ಮಾತು ಇದ್ದದ್ದರಲ್ಲಿ ಹತ್ತಿರದ್ದು. ಆದರೆ ಅದರ ಕಾರಣವನ್ನು ಕೇಳುವವರು ಸಾಲ, ಪರೀಕ್ಷೆ, ಪ್ರೇಮ ಇವುಗಳಲ್ಲಿ ಹುಡುಕುತ್ತಾರೆಯೇ ಹೊರತು ಊಟದೊಳಗೇ ಹುಡುಕುವುದಿಲ್ಲ.

ರೊಟ್ಟಿಯ ಊಟಕ್ಕೆ ಇನ್ನೊಂದು ಲಕ್ಷಣವಿದೆ. ಅನ್ನವನ್ನು ಎಣಿಸಲಾಗದು, ರೊಟ್ಟಿಯನ್ನು ಎಣಿಸಬಹುದು. ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿಗೆ ಮಗನ ಹಸಿವು ಅಂಕಿಯಲ್ಲಿ ಗೊತ್ತಿರುತ್ತದೆ. ‘ಇವತ್ತ ಎರಡಽ ಉಂಡಿ’ ಎಂಬ ಆಕೆಯ ಮಾತಿಗಿಂತ ಬೇಗನೆ ಬದಲಾವಣೆಯನ್ನು ಗುರುತಿಸುವ ಸಾಧನ ಇನ್ನೊಂದಿಲ್ಲ. ಓದಿಗಾಗಿ ವಿಜಯಪುರ ನಗರಕ್ಕೆ ಬಂದು ರೂಮು ಹಿಡಿದ ಹುಡುಗನ ವಿಷಯದಲ್ಲಿ ಈ ಎಣಿಕೆ ತಪ್ಪಿಹೋಗುತ್ತದೆ. ಹಳ್ಳಿಯಿಂದ ಬಸ್ಸಿಗೆ ಹಾಕಿ ಕಳಿಸಿದ ಬುತ್ತಿ ತಲುಪಿತೆಂಬುದಷ್ಟೇ ಮನೆಗೆ ಗೊತ್ತು. ಅದನ್ನು ಯಾರು ಉಂಡರೆಂಬುದಲ್ಲ.

ಆಧುನಿಕ ಪರಿಭಾಷೆ ಈ ಕೊರತೆಯನ್ನು ತುಂಬುವುದೇ? ‘ಆಹಾರ ಸೇವನೆಯ ಅಸ್ವಸ್ಥತೆ’ ಎಂಬ ಪಾರಿಭಾಷಿಕ ಪದ ಆರೋಗ್ಯ ಇಲಾಖೆಯ ಹಾಳೆಗೆ ಸಾಕು. ತಾಯಿಯಾಗಲಿ ಗೆಳೆಯನಾಗಲಿ ಆ ಪದವನ್ನಾಡಿ ಯಾರನ್ನೂ ಮಾತಿಗೆಳೆಯಲಾರರು. ಭಾಷಾಂತರಿಸಿದ ಪದಕ್ಕಿಂತ ಪರಂಪರೆಯಲ್ಲಿಯೇ ಇರುವ ವಿವೇಕವನ್ನು ಹುಡುಕುವುದು ಕನ್ನಡ ವಿಭಾಗಗಳಿಗೆ ಸಹಜವಾಗಿ ಒದಗುವ ಕೆಲಸ.

5

ಜಟ್ಟಿಯ ಮೈಗೆ ನಮ್ಮ ಸಾಹಿತ್ಯದ ಮೂಲಮಾದರಿ ಭೀಮ. ‘ವೃಕೋದರ’ ಎಂದರೆ ತೋಳದ ಹೊಟ್ಟೆಯವನು. ಜೋಳದ ಸೀಮೆಯ ಮಾತಿನ ತೋಳವೂ ಈ ತೋಳವೂ ಒಂದೇ ಕಾಡಿನವು. ಬಕಾಸುರನಿಗಾಗಿ ಬಂದ ಬಂಡಿಯನ್ನವನ್ನು ಅವನಿಗೇ ಬೆನ್ನು ತಿರುಗಿಸಿ ಕುಳಿತು ಉಂಡ ಪ್ರಸಂಗ ತಾಳಮದ್ದಳೆಯಿಂದ ಬಯಲಾಟದವರೆಗೆ ಜನಪ್ರಿಯ. ಆದರೆ ಅದೇ ಭೀಮ ವಿರಾಟನ ಅರಮನೆಯಲ್ಲಿ ಒಂದು ವರ್ಷ ವಲಲನೆಂಬ ಅಡಿಗೆಯವನು. ಹಗಲೆಲ್ಲ ಇತರರಿಗೆ ಬೇಯಿಸಿ ಬಡಿಸುವ, ಕರೆ ಬಂದಾಗ ಮಲ್ಲರೊಡನೆ ಹೋರಾಡುವ ವಲಲ ಗಂಡಸಿನ ಮಾದರಿಯಾಗಿ ನಮ್ಮ ಪಾಠಗಳಲ್ಲಿ ಎಂದೂ ಬರುವುದಿಲ್ಲ. ಬಲಿಷ್ಠನೂ ಅಡಿಗೆ ಬಲ್ಲವನೂ ಒಬ್ಬನೇ ಎಂಬುದು ಕವಿಗಳಿಗೆ ವಿಚಿತ್ರವೆನಿಸಿರಲಿಲ್ಲ. ವಿಚಿತ್ರವೆನಿಸಿದ್ದು ನಮಗೆ.

ದೇಹದ ಗಟ್ಟಿತನವನ್ನೇ ನೇರವಾಗಿ ಪ್ರಶ್ನಿಸಿದ ಪ್ರಸಂಗ ಅಲ್ಲಮ-ಗೋರಕ್ಷರದು. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಇದು ಬರುತ್ತದೆ. ಶೂನ್ಯಸಂಪಾದನೆಯನ್ನು ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದುಕೊಂಡೇ 1930ರಲ್ಲಿ ಪ್ರಕಟಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಗೋರಕ್ಷ ಸಾಧನೆಯಿಂದ ತನ್ನ ಕಾಯವನ್ನು ವಜ್ರವಾಗಿಸಿಕೊಂಡವನು. ಕತ್ತಿಯಿಂದ ಹೊಡೆದರೆ ಅವನ ಮೈ ಲೋಹದಂತೆ ಸದ್ದು ಮಾಡುತ್ತದೆ, ಗಾಯವಾಗುವುದಿಲ್ಲ. ಅದನ್ನವನು ಸಿದ್ಧಿಯೆಂದು ತೋರಿಸುತ್ತಾನೆ. ಅಲ್ಲಮನ ದೃಷ್ಟಿಯಲ್ಲಿ ಆ ಸದ್ದೇ ಕೊರತೆ. ಗೋರಕ್ಷ ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ.

ಈ ಪ್ರಸಂಗವನ್ನು ಕಾಯಸಿದ್ಧಿ ಮತ್ತು ಶೂನ್ಯತತ್ತ್ವಗಳ ಸಂವಾದವಾಗಿ ವಿದ್ವಾಂಸರು ವಿವರಿಸಿದ್ದಾರೆ. ಅದಕ್ಕೆ ಚ್ಯುತಿಯಾಗದಂತೆ ಇನ್ನೊಂದು ಓದನ್ನೂ ಮಂಡಿಸಬಹುದು. ಗೋರಕ್ಷ ದುರ್ಬಲನಲ್ಲ, ಮೋಸಗಾರನೂ ಅಲ್ಲ. ಅವನ ಶ್ರಮ ನಿಜವಾದದ್ದು, ಫಲವೂ ಕಣ್ಣೆದುರಿಗಿದೆ. ಆದರೂ ಪರೀಕ್ಷೆಗೆ ತನ್ನ ಮೈಯನ್ನು ತಾನೇ ಮುಂದೊಡ್ಡಬೇಕಾದ ಸ್ಥಿತಿಯಿಂದ ಅವನು ಬಿಡುಗಡೆ ಪಡೆದಿಲ್ಲ. ಎಷ್ಟು ಗಟ್ಟಿಯಾದರೂ ಮತ್ತೊಬ್ಬರು ಹೊಡೆದು ನೋಡಿ ಒಪ್ಪಬೇಕು. ಕನ್ನಡಿಯ ಮುಂದೆ ದಿನಕ್ಕೆ ಹತ್ತು ಸಲ ನಿಲ್ಲುವ ಯುವಕನ ಬಾಧೆಗೆ ಇದಕ್ಕಿಂತ ನಿಖರವಾದ ರೂಪಕ ಪೋಪ್ ಅವರ ಗ್ರಂಥದಲ್ಲಿಯೂ ಸಿಗದು. ಅಲ್ಲಮ ಗೋರಕ್ಷನನ್ನು ಗೇಲಿಮಾಡಿ ಕಳುಹಿಸುವುದಿಲ್ಲ ಎಂಬುದೂ ಗಮನಾರ್ಹ. ಅವನು ಗೋರಕ್ಷನೊಡನೆ ಮಾತಾಡುತ್ತಾನೆ.

ಅಲ್ಲಮನ ವಚನಗಳಿಗೆ ನಿರ್ವಚನ ಬರೆದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದವರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, ಅವರ ಇಚ್ಛಾಪತ್ರದಂತೆ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು, ಸ್ಮಾರಕ ಕಟ್ಟಲಿಲ್ಲ. ಮೈಯನ್ನು ನೋಟಕ್ಕೆ ಇಡಬಾರದೆಂಬ ನಿಲುವು ಈ ಸೀಮೆಗೆ ಅಪರಿಚಿತವಲ್ಲ ಎಂಬುದಕ್ಕೆ ಇಷ್ಟು ಸಾಕು.

6

ಆದರೆ ಇಲ್ಲಿ ಒಂದು ತೊಡಕಿದೆ. ದೇಹವನ್ನು ಲೆಕ್ಕಿಸದ ವಿರಕ್ತಿಯ ಭಾಷೆಯನ್ನೇ ಕಾಯಿಲೆ ಮರೆಯಾಗಿ ಬಳಸಿಕೊಳ್ಳಬಲ್ಲದು. ಗರಡಿಯವನು ‘ಖುರಾಕು’ ಎಂದು ಮುಚ್ಚುವುದನ್ನು ಇನ್ನೊಬ್ಬ ‘ಒಪ್ಪತ್ತು’ ಎಂದು ಮುಚ್ಚುತ್ತಾನೆ. ಶ್ರಾವಣದ ಒಪ್ಪತ್ತು, ಏಕಾದಶಿಯ ನಿರಾಹಾರ, ರಮಜಾನಿನ ರೋಜಾ ಇವು ವಿಜಯಪುರದ ಎಲ್ಲ ಓಣಿಗಳಿಗೂ ಪರಿಚಿತ. ಉಣ್ಣದಿರುವ ಗಂಡಸನ್ನು ಇವುಗಳ ನೆರಳಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ; ಗೌರವಿಸುತ್ತಾರೆ.

ಬೇರ್ಪಡಿಸುವ ಪದವೂ ಆ ಪರಂಪರೆಯಲ್ಲಿಯೇ ಇದೆ, ಅದು ‘ಪಾರಣೆ’. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆ ಅನಿವಾರ್ಯ. ಪಾರಣೆ ತಪ್ಪಿದರೆ ವ್ರತವೇ ಭಂಗ. ರೋಜಾಕ್ಕೆ ಇಫ್ತಾರ್ ಇದೆ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ವಿನಾಯಿತಿಯಿದೆ. ಶ್ರಾವಣ ಮುಗಿಯುತ್ತದೆ. ವ್ರತದ ಹಸಿವಿಗೆ ಪಂಚಾಂಗವಿದೆ, ಜೊತೆಗಾರರಿದ್ದಾರೆ, ಕೊನೆಯಲ್ಲಿ ಎಡೆಯಿದೆ. ಕಾಯಿಲೆಯ ಹಸಿವಿಗೆ ಈ ಮೂರೂ ಇಲ್ಲ. ಅದು ಒಂಟಿಯಾದದ್ದು, ಗುಟ್ಟಾದದ್ದು, ತಿಥಿಯಿಲ್ಲದ್ದು; ಉಂಡ ಮೇಲೆ ತೃಪ್ತಿಯ ಬದಲು ಪಾಪಪ್ರಜ್ಞೆ ತರುವಂಥದ್ದು. ‘ನಿನ್ನ ಉಪವಾಸಕ್ಕೆ ಪಾರಣೆ ಎಂದು?’ ಎಂಬ ಪ್ರಶ್ನೆಯನ್ನು ತಾಯಿ ಮಗನಿಗೆ, ಅಧ್ಯಾಪಕ ವಿದ್ಯಾರ್ಥಿಗೆ ಸಲೀಸಾಗಿ ಕೇಳಬಹುದು. ಉತ್ತರ ಬಾರದಿದ್ದರೆ ಅದು ವ್ರತವಲ್ಲ.

ಹಸಿವು ಮನಸ್ಸನ್ನು ಏನು ಮಾಡುತ್ತದೆಂಬುದಕ್ಕೆ ಗಂಡಸರ ಮೇಲೆಯೇ ನಡೆದ ಪ್ರಯೋಗವೊಂದಿದೆ. 1944-45ರಲ್ಲಿ ಅಮೆರಿಕದ ಮಿನಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲು ಒಪ್ಪದ 36 ಜನ ಆರೋಗ್ಯವಂತ ಯುವಕರಿಗೆ ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದ. ಅವರು ತೂಕದ ಸುಮಾರು ಕಾಲುಭಾಗ ಕಳೆದುಕೊಂಡರು. ಅದಕ್ಕಿಂತ ಗಮನಾರ್ಹವಾದದ್ದು, ಅಡಿಗೆಯ ಪುಸ್ತಕಗಳನ್ನು ಕೂಡಿಹಾಕತೊಡಗಿದರು, ಒಂದು ಊಟವನ್ನು ತಾಸುಗಟ್ಟಲೆ ಎಳೆದರು, ತಟ್ಟೆ ನೆಕ್ಕಿದರು, ಗೆಳೆತನ-ನಗೆ ಮರೆತರು. ಊಟ ಮರಳಿ ಸಿಕ್ಕಾಗ ಕೆಲವರು ತಡೆಯಿಲ್ಲದೆ ತಿಂದರು. 1950ರಲ್ಲಿ ಪ್ರಕಟವಾದ ಈ ವರದಿ ಹೇಳುವಂತೆ ಊಟದ ಗೀಳು ಸ್ವಭಾವದ ದೌರ್ಬಲ್ಯವಲ್ಲ, ಅರೆಹೊಟ್ಟೆಯ ಪರಿಣಾಮ. ಬಾಧೆಗೊಳಗಾದವನಿಗೆ ‘ಮನಸ್ಸು ಗಟ್ಟಿ ಮಾಡ್ಕೊ’ ಎನ್ನುವುದು ಹಾಗಾಗಿ ನಿರುಪಯುಕ್ತ. ಅವನಿಗೆ ಬೇಕಾದದ್ದು ವೈದ್ಯ ಮತ್ತು ನಿಯಮಿತ ಊಟ. ಉತ್ತರ ಕರ್ನಾಟಕಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಿಂದ ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಸಂಪರ್ಕಿಸಬಹುದು.

ಇನ್ನು ಊಟದ ನೆಮ್ಮದಿಯ ಮಾದರಿ. ಅದಕ್ಕೆ ಎಳ್ಳಮಾಸಿಯ ಹೊಲವನ್ನು ನೋಡಬೇಕು. ಹಿಂಗಾರಿ ಜೋಳ ಎದೆಮಟ್ಟ ಬೆಳೆದಿರುವ ಹೊತ್ತಿನಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಬು, ಪುಂಡಿಪಲ್ಯ, ಬದನೆಕಾಯಿ, ಶೇಂಗಾ ಹೋಳಿಗೆಗಳ ಬುಟ್ಟಿ ಹೊತ್ತು ಕುಟುಂಬವೆಲ್ಲ ಹೊಲಕ್ಕೆ ಹೋಗುತ್ತದೆ. ಮೊದಲ ತುತ್ತು ಉಣ್ಣುವವರದಲ್ಲ. ಗಂಡಸರು ಬೆಳೆಯ ಸುತ್ತ ನಡೆಯುತ್ತ ಚರಗ ಚೆಲ್ಲುತ್ತಾರೆ, ನೆಲಕ್ಕೆ ಬಡಿಸುತ್ತಾರೆ. ವರ್ಷವಿಡೀ ಬಡಿಸಿಕೊಳ್ಳುವ ಗಂಡಸು ಅಂದು ಬಡಿಸುವವನು, ವಲಲನಂತೆ. ಆಮೇಲೆ ಬನ್ನಿಗಿಡದ ಕೆಳಗೆ ಎಲ್ಲರೂ ಕುಳಿತು ಉಣ್ಣುತ್ತಾರೆ. ಹಂಚಿಕಡ್ಡಿಯಂಥವನೂ ಧಡೂತಿಯೂ ಒಂದೇ ಸಾಲಿನಲ್ಲಿ. ಯಾರು ಎಷ್ಟು ರೊಟ್ಟಿ ಉಂಡರೆಂಬುದನ್ನು ಅಂದು ಎಣಿಸುವುದಿಲ್ಲ. ಪಕ್ಕದ ಹೊಲದವರನ್ನೂ ದಾರಿಹೋಕರನ್ನೂ ಕೂಗಿ ಕರೆಯುತ್ತಾರೆ, ಬುಟ್ಟಿಯಲ್ಲಿ ಉಳಿದದ್ದನ್ನು ಸಂಜೆ ಓಣಿಯಲ್ಲಿ ಹಂಚುತ್ತಾರೆ.